ಆಫರ್ ಒಬ್ಬರಿಗೆ, ವೀಸಾ ಇಡೀ ಮನೆಗೆ

ಹೊರದೇಶದ ಆಫರ್ ಬಂದಾಗ ಕಣ್ಣು ಮೊದಲು ಹೋಗೋದು ಸಂಬಳದ ಸಾಲಿಗೆ. ಸಂಸಾರ ಸಮೇತ ಹೊರಡುವವರು ಅದಕ್ಕೂ ಮೊದಲು ನೋಡಬೇಕಾದ್ದು, ಜೊತೆಗೆ ಬರುವ ಗಂಡನಿಗೋ ಹೆಂಡತಿಗೋ ಅಲ್ಲಿ ದುಡಿಯಲು ಅನುಮತಿ ಇದೆಯಾ ಅಂತ.

ಅಮೆರಿಕದ ಕೆಲಸದ ವೀಸಾ ಎಚ್-1ಬಿ ಆದರೆ, ಅವಲಂಬಿತರ ವೀಸಾ ಎಚ್-4ನಲ್ಲಿರುವ ಸಂಗಾತಿ ಸಾಮಾನ್ಯವಾಗಿ ಐ-140 (ಉದ್ಯೋಗಿಯ ಗ್ರೀನ್ ಕಾರ್ಡ್‌ಗಾಗಿ, ಅಂದರೆ ಕಾಯಂ ವಾಸಕ್ಕಾಗಿ, ಕಂಪನಿ ಹಾಕುವ ಅರ್ಜಿ) ಮಂಜೂರಾಗುವ ತನಕ ಕೆಲಸಕ್ಕೆ ಸೇರುವಂತಿಲ್ಲ. ಅದೇ ಕಂಪನಿಯ ಅಮೆರಿಕದ ಕಚೇರಿಗೆ ವರ್ಗವಾಗಿ ಹೋಗುವವರ ಎಲ್-1 ಆದರೆ ಸಂಗಾತಿ ಪ್ರತ್ಯೇಕ ವರ್ಕ್ ಪರ್ಮಿಟ್‌ಗೆ ಕಾಯಬೇಕಿಲ್ಲ. ಜರ್ಮನಿಯಲ್ಲಿ ನುರಿತ ಉದ್ಯೋಗಿಗಳಿಗೆ ಕೊಡುವ ಬ್ಲೂ ಕಾರ್ಡ್‌ನಲ್ಲೂ ಈ ತೊಡಕಿಲ್ಲ. ಅಲ್ಲಿ ಕಾಯಂ ವಾಸಕ್ಕೆ 27 ತಿಂಗಳು, ಬಿ1 (ಮಧ್ಯಮ) ಮಟ್ಟದ ಜರ್ಮನ್ ಬಂದರೆ 21 ತಿಂಗಳು ಸಾಕು.

ಬ್ರಿಟನ್ ಆಫರ್‌ನಲ್ಲಿ ಕೈ ಸುಡೋದು ಹೆಲ್ತ್ ಸರ್‌ಚಾರ್ಜ್, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ವಲಸಿಗರು ಕಟ್ಟುವ ಶುಲ್ಕ. 2024ರ ಫೆಬ್ರವರಿಯಿಂದ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, 18ರೊಳಗಿನವರಿಗೆ 776. ಇಬ್ಬರು ಮಕ್ಕಳ ಸಂಸಾರಕ್ಕೆ ಮೂರು ವರ್ಷದ ವೀಸಾ ಅಂದರೆ 10,866 ಪೌಂಡ್, ಅದೂ ಅರ್ಜಿ ಹಾಕುವಾಗಲೇ ಪೂರ್ತಿ. ವೀಸಾ ಶುಲ್ಕ ಬೇರೆ. ಕಂಪನಿ ಯಾರ್ಯಾರದ್ದು ಕಟ್ಟುತ್ತೆ, ನಡುವೆ ಕೆಲಸ ಬಿಟ್ಟರೆ ಎಷ್ಟು ವಾಪಸ್ ಕೇಳುತ್ತೆ ಅನ್ನೋದನ್ನು ಬರಹದಲ್ಲೇ ತಗೊಳ್ಳಿ. ಎಚ್‌ಆರ್ ಫೋನ್‌ನಲ್ಲಿ ಹೇಳಿದ ಮಾತು ಲೆಕ್ಕಕ್ಕಿಲ್ಲ.

ಮಕ್ಕಳ ಪಾಸ್‌ಪೋರ್ಟ್ ತೆಗೆದು ಹುಟ್ಟಿದ ತಾರೀಖು ನೋಡಿ. ಎಚ್-4 ಮಕ್ಕಳಿಗೆ 21 ತುಂಬಿದರೆ ಅವಲಂಬಿತರ ವೀಸಾ ಮುಗಿಯಿತು. ಭಾರತದಲ್ಲಿ ಹುಟ್ಟಿದವರ ಗ್ರೀನ್ ಕಾರ್ಡ್ ಸರದಿ ಅದಕ್ಕಿಂತ ಬಹಳ ಉದ್ದ. ಹದಿನೈದರ ಮಗಳ ಕೈಹಿಡಿದು ವಿಮಾನ ಹತ್ತುವಾಗ ಆರು ವರ್ಷ ದೂರ ಅನ್ನಿಸುತ್ತೆ. ಹೈಸ್ಕೂಲು, ಕಾಲೇಜು ಅನ್ನುವಷ್ಟರಲ್ಲಿ ಕಳೆದೇ ಹೋಗುತ್ತೆ.

ಎಚ್-1ಬಿಯಲ್ಲಿ ಕೆಲಸ ಹೋದರೆ ಬೇರೆ ಕೆಲಸ ಹುಡುಕಲು ಇಲ್ಲವೇ ದೇಶ ಬಿಡಲು ಸಿಗುವುದು ಹೆಚ್ಚೆಂದರೆ 60 ದಿನ. ಮನೆ ಬಾಡಿಗೆ ಕರಾರಿಗೆ ಸಹಿ ಹಾಕುವಾಗ ಅವಧಿಗೆ ಮುಂಚೆ ಬಿಡುವ ಷರತ್ತನ್ನು ಓದಿಕೊಂಡೇ ಹಾಕಿ.