ಕೊಡ ಎತ್ತಬಹುದಾ ಎಂದು ಕೇಳಿದ ದಿನ

ನಮ್ಮ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕ ಬರೆಯುತ್ತೇವೆ. ಹಾಲು ಬಂದ ದಿನ ಒಂದು ಗೀಟು, ಬರದ ದಿನ ಸೊನ್ನೆ. ಹೋದ ವರ್ಷ ಶ್ರಾವಣದಿಂದ ಅದೇ ಚೌಕಗಳ ಮೂಲೆಯಲ್ಲಿ ಕೆಂಪು ಪೆನ್ನಿನಿಂದ ಚುಕ್ಕೆ ಇಡಲು ಶುರು ಮಾಡಿದೆ. ಒಂದು ಪ್ಯಾಡಿಗೆ ಒಂದು ಚುಕ್ಕೆ. ಮೊದಲ ತಿಂಗಳು ಆರು ದಿನ ಚುಕ್ಕೆ ಇತ್ತು. ದೀಪಾವಳಿ ಹೊತ್ತಿಗೆ ಹನ್ನೊಂದು ದಿನ. ಒಂದು ಚೌಕದಲ್ಲಂತೂ ಒಂಬತ್ತು ಚುಕ್ಕೆ, ಹಾಲಿನ ಗೀಟಿಗೆ ಜಾಗವೇ ಉಳಿದಿರಲಿಲ್ಲ.

ನನಗೆ 46. ಗದಗಿನಲ್ಲಿ ನಮ್ಮ ಮನೆ. ನಾಲ್ಕು ರೊಟ್ಟಿ ಬಡಿಯುವಷ್ಟರಲ್ಲಿ ಏದುಸಿರು ಬರುತ್ತಿತ್ತು, ಮಾಳಿಗೆ ಹತ್ತಿ ಬಟ್ಟೆ ಒಣ ಹಾಕಿ ಬಂದರೆ ಎದೆ ಡವಡವ. ಒಂದು ನರ್ಸಿಂಗ್ ಹೋಮಿಗೆ ಹೋದೆ. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದಲ್ಲಿ 6 ಸೆಂಟಿಮೀಟರಿನ ಗಡ್ಡೆ ಕಂಡಿತು, ಫೈಬ್ರಾಯ್ಡ್ ಅಂತ. ಹೆಣ್ಣುಮಕ್ಕಳಿಗೆ ಹಿಮೋಗ್ಲೋಬಿನ್ 12 ಇರಬೇಕು, ನನ್ನದು 7.6. ಎಂಟು ತಿಂಗಳು ಮಾತ್ರೆ ನುಂಗಿದೆ. ಆಮೇಲೆ ಒಂದು ದಿನ ಅಲ್ಲಿನ ಡಾಕ್ಟರು ರಿಪೋರ್ಟ್ ನೋಡಿ, "ಗರ್ಭಚೀಲ ತಗಿಸಿಬಿಡ್ರಿ. ಬಿಟ್ರ ಕ್ಯಾನ್ಸರ್ ಆಗ್ತದ. ಸೋಮವಾರ ಅಡ್ಮಿಟ್ ಆಗ್ರಿ" ಎಂದರು. ನಾನು ಆ ಕುರ್ಚಿಯಲ್ಲಿ ಕೂತಿದ್ದು ನಾಲ್ಕು ನಿಮಿಷ ಇರಬಹುದು. ಕ್ಯಾನ್ಸರ್ ಅಂದ ಮೇಲೆ ಬೇರೆ ಯಾವ ಮಾತೂ ಕಿವಿಗೆ ಬೀಳಲಿಲ್ಲ.

ಮನೆಯಲ್ಲಿ ನೆಗೆಣ್ಣಿ, "ಎರಡ್ ಮಕ್ಕಳಾದ್ವು, ಇನ್ನ ಅದನ್ನ ಇಟ್ಕೊಂಡು ಏನ್ ಮಾಡ್ತಿ? ತಗಿಸಿ ಒಗದ್ಬಿಡು" ಎಂದಳು. ನನ್ನ ಮೇಲಿನ ಕಾಳಜಿಯಿಂದಲೇ ಹೇಳಿದ್ದು. ಅವಳದು 35ಕ್ಕೇ ಆಗಿದೆ. ನಮ್ಮ ಓಣಿಯಲ್ಲಿ ಇನ್ನೂ ನಾಲ್ಕೈದು ಮಂದಿಗೆ ಆಗಿದೆ. ನಮ್ಮ ಕಡೆ ಹಲ್ಲು ಕೀಳಿಸಿದ ಹಾಗೆ ಇದರ ಮಾತಾಡುತ್ತಾರೆ.

ಆ ರಾತ್ರಿ ಅವ್ವನಿಗೆ ಫೋನ್ ಮಾಡಿದೆ. ಅವಳಿಗೆ 38ರಲ್ಲಿ ಆಪರೇಷನ್ ಆಗಿತ್ತು. "ಅವ್ವಾ, ಅಂಡಾಶಯ ಬಿಟ್ಟಾರೋ, ಅದನ್ನೂ ತಗದಾರೋ?" ಎಂದು ಕೇಳಿದೆ. "ನನಗೇನ್ ಗೊತ್ತವಾ, ನಿಮ್ಮಪ್ಪ ಸಹಿ ಮಾಡಿದ್ರು" ಎಂದಳು. ನನಗೆ ಮಾತೇ ಹೊರಡಲಿಲ್ಲ. ಆಪರೇಷನ್ ಆದ ಮೇಲೆ ಅವ್ವ ರಾತ್ರಿ ಮೈ ಉರಿ ತಾಳದೆ ಪಡಸಾಲೆಯ ಬರೀ ಕಲ್ಲಿನ ಮೇಲೆ ಮಲಗುತ್ತಿದ್ದದ್ದು ನೆನಪಿದೆ. 55ಕ್ಕೆ ಬಚ್ಚಲಲ್ಲಿ ಜಾರಿ ಮುಂಗೈ ಮುರಿಯಿತು, 61ಕ್ಕೆ ಸೊಂಟ. ಅದರಿಂದಲೇ ಹೀಗಾಯಿತು ಎಂದು ನಾನು ಹೇಳಲಾರೆ. ಆದರೆ ಮುಟ್ಟು ತಾನಾಗಿ ನಿಲ್ಲುವ ಮೊದಲೇ ಎರಡೂ ಅಂಡಾಶಯ ತೆಗೆದರೆ ಹಾರ್ಮೋನು ಒಮ್ಮೆಲೇ ನಿಂತುಹೋಗುತ್ತದೆ, ಮೂಳೆ ಬೇಗ ಸವೆಯುತ್ತದೆ, ಹೃದಯಕ್ಕೂ ಒಳ್ಳೆಯದಲ್ಲ. ತನ್ನ ಮೈಯಿಂದ ಏನು ತೆಗೆದರು ಅಂತ ಅವ್ವನಿಗೆ ಇವತ್ತಿಗೂ ಗೊತ್ತಿಲ್ಲ ನೋಡಿ.

ಸೋಮವಾರ ನಾನು ಅಡ್ಮಿಟ್ ಆಗಲಿಲ್ಲ. ಬೇಡದ ಗರ್ಭಕೋಶದ ಆಪರೇಷನ್ ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿ ಮಾಡಿ ಎಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ ಹೇಳಿದ್ದನ್ನು ಪೇಪರಿನಲ್ಲಿ ಓದಿದ್ದೆ. ಆಗ ಸುಮ್ನೆ ಓದಿ ಮಡಚಿಟ್ಟಿದ್ದೆ. ಈಗ ಅದು ನನ್ನ ಮನೆಯ ಮಾತಾಗಿತ್ತು. ಇನ್ನೊಬ್ಬ ಡಾಕ್ಟರನ್ನು ಕೇಳಿಯೇ ಮುಂದಿನ ಮಾತು ಎಂದು ಮನೆಯವರಿಗೆ ಹೇಳಿದೆ. ಅವರು ಬೇಡ ಅನ್ನಲಿಲ್ಲ.

ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸಿಗೆ ಹೋಗುವ ಹಿಂದಿನ ರಾತ್ರಿ ಮಗಳು ತನ್ನ ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆ ತೆರೆದು ಕೂತಳು. ನಾನು ಹೇಳಿದೆ, ಅವಳು ಬರೆದಳು. ಗಡ್ಡೆ ಕ್ಯಾನ್ಸರ್ ಆಗುತ್ತದಾ? ಆಪರೇಷನ್ ಬಿಟ್ಟು ಬೇರೆ ದಾರಿ ಇದೆಯಾ? ತೆಗೆದರೆ ಏನೇನು ತೆಗೆಯುತ್ತೀರಿ? ಇಷ್ಟು ಕಮ್ಮಿ ರಕ್ತದಲ್ಲಿ ಮಾಡುತ್ತೀರಾ? ಕೊನೆಗೆ ಅವಳೇ ಕೇಳಿದಳು, "ಅವ್ವಾ, ನೀರು ಬಂದ ದಿನ ಕೊಡ ಯಾರ್ ಎತ್ತೋರು?" ಗದಗ-ಬೆಟಗೇರಿಯಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ. ಬಂದ ದಿನ ಬ್ಯಾರಲ್, ಹಂಡೆ, ಕೊಡ ಎಲ್ಲ ತುಂಬಿಕೊಳ್ಳಲೇಬೇಕು. ಅದನ್ನೂ ಬರೆಸಿದೆ. ಹಳೆಯ ರಿಪೋರ್ಟು, ಮಾತ್ರೆಯ ಖಾಲಿ ಶೀಟು, ಆಧಾರ್ ಎಲ್ಲ ಒಂದು ಕೈಚೀಲಕ್ಕೆ ಹಾಕಿದೆ. ಕ್ಯಾಲೆಂಡರಿನ ಹಾಳೆಗಳನ್ನೂ ಹರಿದು ಇಟ್ಟುಕೊಂಡೆ.

ಬೆಳಿಗ್ಗೆ ಬಸ್ಸು ಹಿಡಿದು, ಅಣ್ಣಿಗೇರಿ ದಾಟಿ, ವಿದ್ಯಾನಗರ ಮುಟ್ಟಿ, ಚೀಟಿ ಮಾಡಿಸಿ ಕೂತರೆ ನನ್ನ ಪಾಳಿ ಬಂದಾಗ ಹನ್ನೆರಡೂವರೆ. ಡಾಕ್ಟರಮ್ಮ ಸ್ಕ್ಯಾನಿಂಗ್‌ಗೆ ಕೈ ಚಾಚಿದರು. ನಾನು ಕ್ಯಾಲೆಂಡರನ್ನೂ ಜೊತೆಗೆ ಕೊಟ್ಟೆ. ಅವರು ಹಾಳೆ ತಿರುವುತ್ತ ಬೆರಳಿಟ್ಟು ಚುಕ್ಕೆ ಎಣಿಸಿದರು. "ಇದು ಛಲೋ ಮಾಡೀರಿ ಅಕ್ಕಾರ, ಸ್ಕ್ಯಾನಿಂಗ್‌ನ್ಯಾಗ ಇದು ಕಾಣಂಗಿಲ್ಲ" ಎಂದರು. ನನ್ನ ಕಣ್ಣು ತುಂಬಿ ಬಂತು. ಅಷ್ಟು ತಿಂಗಳ ಸಂಕಟವನ್ನು ಒಬ್ಬರು ಕೂತು ಓದಿದ್ದು ಅದೇ ಮೊದಲು.

ನೋಟ್‌ಬುಕ್ ತೆಗೆದು ಒಂದೊಂದಾಗಿ ಕೇಳಿದೆ. ಇಂಥ ಗಡ್ಡೆ ಕ್ಯಾನ್ಸರ್ ಆಗುವುದು ತೀರಾ ಅಪರೂಪ ಎಂದರು. ಆದರೆ ಈ ವಯಸ್ಸಿನಲ್ಲಿ ಇಷ್ಟು ರಕ್ತ ಹೋಗುವಾಗ ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷೆ ಮಾಡಲೇಬೇಕು, ಗರ್ಭಕೋಶದ ಬಾಯಿಯ ಪ್ಯಾಪ್ ಪರೀಕ್ಷೆಯೂ ಬೇಕು. ಮೊದಲು ಹೋದ ಕಡೆ ಇವೆರಡರ ಮಾತೇ ಬಂದಿರಲಿಲ್ಲ. ಎರಡರ ರಿಪೋರ್ಟೂ ಆಮೇಲೆ ಬಂತು, ಕ್ಯಾನ್ಸರ್ ಇಲ್ಲ. ಆವತ್ತು ನಾನು ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಆ ಭಯ ಹೋದ ಮೇಲೆ ಯೋಚನೆ ಮಾಡಲು ಆಯಿತು. ದಾರಿಗಳು ಇದ್ದವು. ಒಳಗೆ ಹಾರ್ಮೋನಿನ ಕಾಪರ್-ಟಿಯಂಥದ್ದು ಕೂರಿಸುವುದು ಒಂದು. ನನ್ನ ಗಡ್ಡೆ ಒಳಗೆ ಒತ್ತಿಕೊಂಡಿದ್ದರಿಂದ ಅದು ಜಾರಿ ಬೀಳಬಹುದು ಎಂದರು. ಬರೀ ಗಡ್ಡೆ ತೆಗೆಸಬಹುದು, ಮತ್ತೆ ಬೆಳೆದರೂ ಬೆಳೆಯಬಹುದು. ಮುಟ್ಟು ನಿಂತ ಮೇಲೆ ಗಡ್ಡೆ ತಾನೇ ಕುಗ್ಗುತ್ತದೆ, ಆದರೆ ಅದು ಇನ್ನೆರಡು ವರ್ಷಕ್ಕೋ ಐದಾರು ವರ್ಷಕ್ಕೋ, ಯಾರು ಹೇಳಬೇಕು? "ಅವಸರ ಇಲ್ಲ. ಮನಿಗೆ ಹೋಗಿ ವಿಚಾರ ಮಾಡ್ರಿ" ಎಂದು ಕಳಿಸಿದರು.

ಹದಿನೈದು ದಿನ ವಿಚಾರ ಮಾಡಿದೆ. ಬೇಡ ಅನ್ನುವ ಮನಸ್ಸಿನಿಂದಲೇ ಕಿಮ್ಸಿಗೆ ಹೋಗಿದ್ದೆ, ಆದರೂ ಕೊನೆಗೆ ತೆಗೆಸುವುದೇ ಸರಿ ಅನ್ನಿಸಿತು. ಇನ್ನೂ ಐದು ವರ್ಷ ಹೀಗೆ ರಕ್ತ ಸೋರಿಸಿಕೊಂಡು ಬದುಕಲು ನನಗೆ ಮನಸ್ಸಿಲ್ಲ. ಅಂಡಾಶಯ ಎರಡೂ ಚೆನ್ನಾಗಿವೆ, ಅವು ಇರಬೇಕು. ಅಂಡಾಶಯದಿಂದ ಗರ್ಭಕೋಶಕ್ಕೆ ಬರುವ ನಳಿಕೆ ತೆಗೆದರೆ ಮುಂದೆ ಅಂಡಾಶಯದ ಕ್ಯಾನ್ಸರ್ ಸಾಧ್ಯತೆ ಕಮ್ಮಿ ಎಂದು ಅವರು ಹೇಳಿದ್ದಕ್ಕೆ ಒಪ್ಪಿದೆ. ಇದನ್ನೆಲ್ಲ ಕೇಸ್ ಪೇಪರಿನಲ್ಲಿ ಬರೆಸಿ, ನಾನೇ ಓದಿ ನೋಡಿದೆ. ಅವ್ವನಿಗೂ ಫೋನಿನಲ್ಲಿ ಓದಿ ಹೇಳಿದೆ. ಅವಳು ಸುಮ್ಮನೆ ಕೇಳಿ, "ಇನ್ನೊಮ್ಮೆ ಓದು" ಎಂದಳು.

ರಕ್ತ 10 ದಾಟದೆ ಆಪರೇಷನ್ ಬೇಡ ಎಂದಿದ್ದಾರೆ. ಕಬ್ಬಿಣದಂಶದ ಇಂಜೆಕ್ಷನ್ ನಡೆದಿದೆ, ಈಗ 9.1. ಕೊಡದ ಪ್ರಶ್ನೆಗೆ ಡಾಕ್ಟರಮ್ಮ, "ಆರು ವಾರ ತುಂಬಿದ ಕೊಡ ಮುಟ್ಟಂಗಿಲ್ಲ ಅಕ್ಕಾರ" ಎಂದು ಮನೆಯವರ ಮುಖ ನೋಡಿ ಹೇಳಿದ್ದರು. ನಿನ್ನೆ ರಾತ್ರಿ ಎರಡು ಗಂಟೆಗೆ ನೀರು ಬಂತು. ನಾನು ಎದ್ದು ಹೋಗುವಷ್ಟರಲ್ಲಿ ಮನೆಯವರು ಪೈಪ್ ಜೋಡಿಸಿ ಬ್ಯಾರಲ್ ಅರ್ಧ ತುಂಬಿಸಿದ್ದರು, ಮಗಳು ಚಿಮಣಿಯಷ್ಟು ಬೆಳಕಿನ ಮೊಬೈಲ್ ಟಾರ್ಚ್ ಹಿಡಿದು ನಿಂತಿದ್ದಳು. "ಈಗಿಂದಲೇ ರೂಢಿ ಆಗ್ಲಿ, ನೀ ಮಲ್ಕೋ ಹೋಗು" ಎಂದರು.