ಮರೆಯದ ಮುಖ

ಎರಡು ದಿನದಿಂದ ಇದೇ ತಲೆಯಲ್ಲಿ ಕೂತಿದೆ. ಚಿಂಪಾಂಜಿಗಳೂ ನಮ್ಮ ಹಾಗೆ ಮುಖ ನೋಡಿಯೇ ಒಂದನ್ನೊಂದು ಗುರುತು ಹಿಡಿಯುತ್ತವೆ. ಕಣ್ಣು, ಮೂಗು ಅಂತ ಬಿಡಿಬಿಡಿಯಾಗಿ ಅಲ್ಲ, ಇಡೀ ಮುಖವನ್ನು ಒಟ್ಟಾಗಿ. ಫೋಟೋ ತಲೆಕೆಳಗು ಮಾಡಿದರೆ ಥೇಟ್ ನಮ್ಮಂತೆಯೇ ತಡವರಿಸುತ್ತವೆ. 1999ರಲ್ಲಿ ಲೀಸಾ ಪಾರ್, ಫ್ರಾನ್ಸ್ ಡಿ ವಾಲ್ ಎಂಬ ವಿಜ್ಞಾನಿಗಳು ಗುರುತು ಪರಿಚಯವಿಲ್ಲದ ಚಿಂಪಾಂಜಿಗಳ ಫೋಟೋ ತೋರಿಸಿದಾಗ, ಬರೀ ಹೋಲಿಕೆಯಿಂದಲೇ ತಾಯಿಗೆ ಮಗನನ್ನು ಜೋಡಿಸಿದ್ದವು!

ಆದರೆ ನನ್ನ ಮನಸ್ಸು ನಿಂತಿರುವುದು ಅವುಗಳ ಹತ್ತಿರದ ಬಂಧು, ಲೂಯಿಸ್ ಎಂಬ ಹೆಣ್ಣು ಬೊನೊಬೊ ವಾನರದ ಬಳಿ. 26 ವರ್ಷಗಳಿಂದ ಕಾಣದ ಒಡಹುಟ್ಟಿದವಳ ಫೋಟೋವನ್ನು ಅಪರಿಚಿತ ಮುಖದ ಪಕ್ಕದಲ್ಲಿಟ್ಟರೆ, ಅವಳ ಕಣ್ಣು ಒಡಹುಟ್ಟಿದವಳ ಮೇಲೇ ಹೆಚ್ಚು ಹೊತ್ತು ನಿಂತಿತು. 2023ರಲ್ಲಿ ಪ್ರಕಟವಾದ ಅಧ್ಯಯನ ಅದು.

ಓದಿ ಮುಗಿಸಿ, ಹಳೇ ಗೆಳತಿಯೊಬ್ಬಳ ಫೋಟೋ ಹುಡುಕಿ ತೆಗೆದೆ. ಬಹಳ ಹೊತ್ತು ನೋಡುತ್ತಾ ಕೂತಿದ್ದೆ.