ಹುಟ್ಟು ಹಾಕುವ ಮುಂಚೆ

ಇನ್ನು ಒಂಬತ್ತು ದಿನ. ಬ್ಯಾಗು ಅರ್ಧವೂ ತುಂಬಿಲ್ಲ. ನಡುಮನೆಯಲ್ಲಿ ಹರಡಿರುವ ಸಾಮಾನು ನೋಡಿದವರು ಯಾರದೋ ಮದುವೆ ಅಂದುಕೊಳ್ಳಬೇಕು, ಹಾಗಿದೆ.

ಕೋಲಾರದ ಹುಡುಗಿ ಅಟ್ಲಾಂಟಿಕ್ ಸಾಗರದಲ್ಲಿ ದೋಣಿಗೆ ಹುಟ್ಟು ಹಾಕಲು ಹೊರಟಿದ್ದಾಳೆ ಅಂದರೆ ಊರಲ್ಲಿ ನಗುವವರೇ ಜಾಸ್ತಿ. ನಗಲಿ ಬಿಡಿ. ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ನಮ್ಮದು. ನಮ್ಮ ತೋಟದಲ್ಲಿ ಕೊನೆಯ ಸಲ ಬೋರ್‌ವೆಲ್ ಹಾಕಿಸಿದಾಗ 1,200 ಅಡಿಗೂ ಬಂದದ್ದು ಬರೀ ಧೂಳು. ನಾನು ಈಜು ಕಲಿತದ್ದೇ ಬೆಂಗಳೂರಿನ ಹಾಸ್ಟೆಲಿಗೆ ಹೋದ ಮೇಲೆ, ಇಪ್ಪತ್ತೊಂದನೇ ವಯಸ್ಸಿನಲ್ಲಿ.

ನಾವು ನಾಲ್ಕು ಜನ. ಕೆನರಿ ದ್ವೀಪಗಳ ಲಾ ಗೊಮೆರಾದಿಂದ ಕೆರಿಬಿಯನ್ನಿನ ಆಂಟಿಗುವಾವರೆಗೆ, ಸುಮಾರು 4,800 ಕಿ.ಮೀ. ಡಿಸೆಂಬರಿನಲ್ಲಿ ಹೊರಟರೆ ಚಂಡಮಾರುತದ ಕಾಲ ಮುಗಿದಿರುತ್ತದೆ, ಈಶಾನ್ಯದ ಗಾಳಿ ದೋಣಿಯನ್ನು ಹಿಂದಿನಿಂದ ತಳ್ಳುತ್ತದೆ. ಎಲ್ಲ ಸರಿಹೋದರೆ 40 ದಿನದ ಆಸುಪಾಸು. ಎರಡು ಗಂಟೆ ಹುಟ್ಟು, ಎರಡು ಗಂಟೆ ವಿಶ್ರಾಂತಿ, ಹಗಲೂ ರಾತ್ರಿ ಅದೇ. ಉಪ್ಪುನೀರನ್ನು ಸಿಹಿ ಮಾಡುವ ಒಂದು ಯಂತ್ರ, ಅದಕ್ಕೆ ಕರೆಂಟ್ ಕೊಡುವ ಸೋಲಾರ್ ಪ್ಯಾನೆಲ್, ಬಿಸಿನೀರು ಸುರಿದರೆ ಊಟವಾಗುವ ಪ್ಯಾಕೆಟ್‌ಗಳು.

ಈ ಎರಡು ಗಂಟೆಯ ಪಾಳಿಯ ವಿಷಯ ಕೇಳಿ ನನ್ನ ಸ್ನೇಹಿತರೆಲ್ಲ ಬಾಯಿ ಬಿಟ್ಟರು. ಅಮ್ಮ ಮಾತ್ರ ಅವರೆಕಾಯಿ ಸುಲಿಯುತ್ತಾ, "ಹುಳ ನಾಲ್ಕನೇ ಜ್ವರ ಎದ್ದಮೇಲೆ ನಾವೇನು ನಿದ್ದೆ ಮಾಡ್ತಿದ್ವಾ?" ಅಂದಳು.

ನಿಜ. ಜ್ವರ ಅಂದರೆ ರೇಷ್ಮೆ ಹುಳ ಸೊಪ್ಪು ತಿನ್ನದೇ ಪೊರೆ ಕಳಚುವ ಹೊತ್ತು. ನಾಲ್ಕನೇ ಜ್ವರ ಬಿಟ್ಟ ಹುಳ ತಿನ್ನುವುದೇ ಒಂದು ಭಯಂಕರ, ಒಟ್ಟು ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಆ ಒಂದು ವಾರದಲ್ಲೇ. ಹುಳ ಹಣ್ಣಾಗಿ, ಗೂಡು ಕಟ್ಟುವ ಚಂದ್ರಿಕೆ ತಟ್ಟೆಗೆ ಬಿಡುವವರೆಗೂ ಅಮ್ಮ ರಾತ್ರಿ ಅಲಾರಂ ಇಲ್ಲದೇ ಎದ್ದು ಸೊಪ್ಪು ಹಾಕಿ, ಗೋಡೆಗೆ ಒರಗಿ ಕಣ್ಣು ಮುಚ್ಚಿ, ಮತ್ತೆ ಏಳುತ್ತಿದ್ದಳು. ಅವಳ ಅಂಗೈ ಒಡೆದದ್ದು ನನ್ನ ಫೀಸಿಗೆ. ನಾನೋ, ಸ್ಪಾನ್ಸರ್‌ಗಳ ಕಾಲು ಹಿಡಿದು, ಸಾಲ ಮಾಡಿ, ದುಡ್ಡು ಕೊಟ್ಟು ಅಂಗೈ ಒಡೆಸಿಕೊಳ್ಳಲು ಹೊರಟಿದ್ದೇನೆ. ಹೊರಡುವ ಮುಂಚೆ ಹೆದರಿಕೆ ಆಗುತ್ತೆ, ಖುಷಿ ಆಗುತ್ತೆ ಅಂತ ಎಲ್ಲರೂ ಹೇಳಿದ್ದರು. ನಾಚಿಕೆ ಆಗುತ್ತೆ ಅಂತ ಯಾರೂ ಹೇಳಿರಲಿಲ್ಲ.

ಹುಳ ಬಿಟ್ಟು ಆರು ವರ್ಷವಾಯಿತು. ಖಾಲಿ ಬಿದ್ದ ಹುಳದ ಮನೆಯಲ್ಲೇ ರೋಯಿಂಗ್ ಮಷಿನ್ ಇಟ್ಟುಕೊಂಡು ದಿನಾ ಮೂರು ಗಂಟೆ ಎಳೆಯುತ್ತಿದ್ದೆ. ಪಕ್ಕದ ಮನೆ ಅಜ್ಜಿ ಒಂದು ದಿನ ಬಂದು ಅರ್ಧ ಗಂಟೆ ನಿಂತು ನೋಡಿ, "ಇದರಲ್ಲಿ ನೂಲು ಎಲ್ಲಿ ಬರುತ್ತಮ್ಮಾ?" ಅಂತ ಕೇಳಿದರು. ಉತ್ತರ ಗೊತ್ತಾಗಲಿಲ್ಲ.

ಅಮ್ಮನಿಗೆ ಸ್ವಲ್ಪ ಧೈರ್ಯ ಬಂದದ್ದು ಅನನ್ಯಾ ಪ್ರಸಾದ್ ಅವರ ಸುದ್ದಿ ಓದಿ. ಕವಿ ಜಿ.ಎಸ್. ಶಿವರುದ್ರಪ್ಪನವರ ಮೊಮ್ಮಗಳು. ಇದೇ ದಾರಿಯನ್ನು ಒಬ್ಬರೇ 52 ದಿನದಲ್ಲಿ ಮುಗಿಸಿ 2025ರ ಜನವರಿ ಕೊನೆಗೆ ಆಂಟಿಗುವಾ ಮುಟ್ಟಿದರು. "ಒಬ್ಬಳೇ ಹೋದವಳು ಬಂದಳು, ನೀವು ನಾಲ್ಕು ಜನ ಇದ್ದೀರ" ಅಂತ ಅಮ್ಮ ಅವತ್ತು ನನಗೇ ಸಮಾಧಾನ ಹೇಳಿದಳು. ಮಾರನೇ ದಿನ ಕಾಫಿ ಕೊಡುತ್ತಾ, "ಅವರ ಅಮ್ಮ ಅಷ್ಟು ದಿನ ಏನು ಮಾಡ್ತಿದ್ದರಂತೆ?" ಅಂದಳು.

ದೋಣಿ ಮಗುಚುವ ವಿಷಯ ಹೇಳಿದ್ದೇನೆ. ಹೇಳಲೇಬೇಕಾಯಿತು, ಅಕ್ಕನ ಮಗ ಮೊಬೈಲಲ್ಲಿ ವಿಡಿಯೋ ತೋರಿಸಿಬಿಟ್ಟಿದ್ದ. ಕ್ಯಾಬಿನ್ ಬಾಗಿಲು ಭದ್ರವಾಗಿ ಹಾಕಿದ್ದರೆ ಒಳಗಿನ ಗಾಳಿಯಿಂದ ದೋಣಿ ತಾನೇ ನೆಟ್ಟಗಾಗುತ್ತದೆ, ನಾವು ಇಂಗ್ಲೆಂಡಿನಲ್ಲಿ ಬೇಕಂತಲೇ ಮಗುಚಿ ನೋಡಿದ್ದೇವೆ ಅಂದೆ. ನಂಬಿದಳು ಅನಿಸುತ್ತೆ. ಮೊನ್ನೆ ಅಂತರಗಂಗೆಗೆ ಕರೆದುಕೊಂಡು ಹೋಗಿದ್ದಳು. ಅಷ್ಟೂ ಮೆಟ್ಟಿಲು ಹತ್ತಿ, ಕಲ್ಲಿನ ಬಸವನ ಬಾಯಿಂದ ಬೀಳುವ ನೀರನ್ನು ನನ್ನ ತಲೆಗೆ ಚಿಮುಕಿಸಿ, ಬಿಸ್ಲೇರಿ ಬಾಟಲಿಗೂ ತುಂಬಿಸಿದಳು. ದೋಣಿಯಲ್ಲಿ ಒಂದೊಂದು ವಸ್ತುವನ್ನೂ ತೂಕ ಹಾಕಿ ಇಡುತ್ತಾರೆ. ಈ ಒಂದು ಲೀಟರಿಗೆ ನಾನು ಜಗಳ ಆಡುತ್ತೇನೆ.

ಇನ್ನೊಂದು ವಿಷಯ. ಹುಟ್ಟು ಹಾಕುವವರು ಹೋಗುವ ಕಡೆಗೆ ಬೆನ್ನು ಹಾಕಿ ಕೂರುತ್ತಾರೆ. ಆಂಟಿಗುವಾ ನನ್ನ ಬೆನ್ನಿಗೆ. ಕಣ್ಣೆದುರು ಇರುವುದು ಬಿಟ್ಟುಬಂದ ದಿಕ್ಕು. ಅಷ್ಟು ದಿನ.

ನಿನ್ನೆ ರಾತ್ರಿ ಅಮ್ಮ ರಾಗಿ ಹುರಿಹಿಟ್ಟನ್ನು ಕವರುಗಳಿಗೆ ಅಳೆದು ತುಂಬುತ್ತಿದ್ದಳು. ಒಂದಕ್ಕೆ ಎರಡು ಸೌಟು, ಮೇಲೆ ಬೆಲ್ಲದ ಪುಡಿ, ಗಂಟು. ತಲೆ ಎತ್ತದೇ ಕೇಳಿದಳು, "ನೀರಿಗೆ ಇಳಿಯೋದು ಏನೂ ಇರಲ್ಲ ಅಲ್ವಾ?"

ಇರುತ್ತದೆ. ದೋಣಿಯ ಅಡಿಗೆ ಕಡಲ ಚಿಪ್ಪುಗಳು ಅಂಟಿಕೊಂಡು ವೇಗ ಇಳಿಯುತ್ತದೆ. ಆಗಾಗ ಒಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಕೆರೆಯಬೇಕು. ಕೆಳಗೆ ಎಷ್ಟೋ ಕಡೆ ನಾಲ್ಕು ಸಾವಿರ ಮೀಟರಿಗಿಂತ ಜಾಸ್ತಿ ಆಳ. ತಂಡದಲ್ಲಿ ಆ ಕೆಲಸಕ್ಕೆ ಮೊದಲು ಹೆಸರು ಕೊಟ್ಟವಳು ನಾನೇ.

"ಇಲ್ಲಮ್ಮ, ಏನೂ ಇರಲ್ಲ" ಅಂದೆ.

"ಸರಿ" ಅಂದಳು. ಆಮೇಲೆ ಗಂಟು ಹಾಕಿಟ್ಟಿದ್ದ ಕವರೊಂದನ್ನು ಬಿಚ್ಚಿ ಇನ್ನೊಂದು ಸೌಟು ಹಿಟ್ಟು ಹಾಕಿದಳು.